ಒಳಗೇ ಬೀಸುವ ಮಿಷನ್ನು ಮತ್ತು ಅಪ್ಪಯ್ಯನ ಅರೇಬಿಕಾ

ನಾನು ಮೊದಲ ಸಲ 'ಎಸ್ಪ್ರೆಸೊ' ಕುಡಿದದ್ದು ಕೊಪ್ಪದಲ್ಲಿ, ದೂರದ ನೆಂಟರ ಮದುವೆಯಲ್ಲಿ. ಆಗ ನಾನು ಆರನೇ ಕ್ಲಾಸು. ಛತ್ರದ ಬಾಗಿಲ ಪಕ್ಕ ಒಂದು ಸ್ಟೀಲಿನ ಮಿಷನ್ನು, ಅದಕ್ಕೊಂದು ಕೊಳವೆ, ಬುಸ್ಸೆಂದು ಹಬೆ. ಲೋಟಕ್ಕೆ ಹಾಲು, ಸಕ್ಕರೆ, ಇನ್‌ಸ್ಟಂಟ್ ಪುಡಿ ಹಾಕಿ ಕೊಳವೆ ಮುಳುಗಿಸಿದರೆ ನೊರೆ ಉಕ್ಕುತ್ತಿತ್ತು. ಮೇಲೊಂದು ಚಿಟಿಕೆ ಚಾಕೊಲೇಟ್ ಪುಡಿ. ನಾವು ಹುಡುಗರೆಲ್ಲ ಮೂರು ಮೂರು ಸಲ ಲೈನಲ್ಲಿ ನಿಂತು ನೊರೆಯ ಮೀಸೆ ಮಾಡಿಕೊಂಡಿದ್ದೆವು. ಅಪ್ಪಯ್ಯ ಮಾತ್ರ ಒಂದು ಗುಟುಕು ಕುಡಿದು, "ನೊರೆ ಕುಡಿಯಕ್ಕೆ ಇಷ್ಟು ದೂರ ಬರಬೇಕಾಯ್ತಾ" ಅಂತ ಲೋಟ ಕೆಳಗಿಟ್ಟು, ಅಡುಗೆಯವರ ಹತ್ತಿರ ಹೋಗಿ ಬೆಲ್ಲದ ಕಾಫಿ ಕೇಳಿ ಕುಡಿದು ಬಂದಿದ್ದರು.

ಅದು ಎಸ್ಪ್ರೆಸೊನೇ ಅಲ್ಲ ಅಂತ ಗೊತ್ತಾದದ್ದು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ. ಆಫೀಸಿನ ಪ್ಯಾಂಟ್ರಿಯಲ್ಲಿ ಬಟನ್ ಒತ್ತಿದೆ. ಬೊಂಬೆಯಾಟದ ಕಪ್ಪಿನಂಥ ಕಪ್ಪಿನಲ್ಲಿ ಎರಡು ಗುಟುಕು ಕಪ್ಪು ದ್ರವ ಬಂತು. ಮಿಷನ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಸಲ ಒತ್ತಿದೆ. ಅಷ್ಟೇ ಬಂತು. ಎರಡನ್ನೂ ಕುಡಿದೆ. ಆ ರಾತ್ರಿ ಮೂರು ಗಂಟೆ ತನಕ ನಿದ್ದೆ ಬರಲಿಲ್ಲ ಅನ್ನುವುದು ಬೇರೆ ಕಥೆ :-)

ಆಮೇಲೆ ನಿಧಾನಕ್ಕೆ ಹುಚ್ಚು ಹತ್ತಿತು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಅರಮನೆಯಲ್ಲಿ ವಿಶ್ವ ಕಾಫಿ ಸಮ್ಮೇಳನ ನಡೆಯಿತಲ್ಲ, ಅಲ್ಲಿಗೆ ರಜೆ ಹಾಕಿ ಹೋಗಿದ್ದೆ. ಸಾಲಾಗಿ ನಿಲ್ಲಿಸಿದ್ದ ಮಿಷನ್ನುಗಳನ್ನು ನೋಡಿ, ಸಂತೆಯಲ್ಲಿ ಎತ್ತು ನೋಡಿದ ಹಾಗೆ ಒಂದೊಂದರ ಸುತ್ತ ತಿರುಗಿ, ರೇಟು ಕೇಳಿ, ಸುಮ್ಮನೆ ಮನೆಗೆ ಬಂದಿದ್ದೆ.

ಅಷ್ಟಕ್ಕೇ ಬಿಡುತ್ತಿದ್ದೆನೋ ಏನೋ. 2024ರ ಡಿಸೆಂಬರಿನಲ್ಲಿ ಕೊಯ್ಲಿಗೆ ಊರಿಗೆ ಹೋದಾಗ ಅಪ್ಪಯ್ಯ ಒಂದು ಮಾತು ಹೇಳಿದರು. ನಮ್ಮದು ದೊಡ್ಡ ತೋಟವೇನಲ್ಲ. ಅಡಿಕೆ, ಮೆಣಸು, ಎರಡು ಎಕರೆ ರೊಬಸ್ಟಾ, ಜೊತೆಗೆ ಅಜ್ಜ ಹಾಕಿದ ಒಂದು ಎಕರೆ ಅರೇಬಿಕಾ. ಆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟ. ಹುಳ ಬಿದ್ದ ಗಿಡವನ್ನು ಕಿತ್ತು ಸುಡಬೇಕು. ವರ್ಷ ವರ್ಷ ಕಿತ್ತೂ ಕಿತ್ತೂ ತೋಟದ ಮಧ್ಯೆ ಬೋಳು ಬೋಳು ಜಾಗ. ರೊಬಸ್ಟಾಕ್ಕೆ ಆ ಹುಳದ ತೊಂದರೆ ಇಲ್ಲ, ಮೇಲಾಗಿ ಆ ವರ್ಷ ರೊಬಸ್ಟಾಕ್ಕೆ ಯಾರೂ ಕಂಡರಿಯದ ರೇಟು. "ಈ ಸಲದ್ದು ಕೊಯ್ದಾಗಲಿ. ಮಳೆ ಹಿಡಿದ ಮೇಲೆ ಅರೇಬಿಕಾ ಪೂರ್ತಿ ತೆಗೆದು ರೊಬಸ್ಟಾ ಹಾಕದೇ" ಅಂದರು.

ಲೆಕ್ಕ ಸರಿಯಾಗೇ ಇತ್ತು. ಎದುರು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ತೋಟ ಮಾಡುವವರು ಅವರು, ನಾನು ವರ್ಷಕ್ಕೆ ಎರಡು ಸಲ ಬಂದು ಫೋಟೋ ಹೊಡೆಯುವವನು. ಆದರೂ ಬಾಯಿಗೆ ಬಂದದ್ದನ್ನು ಕೇಳಿದೆ: "ಅಪ್ಪಯ್ಯ, ನಮ್ಮ ಅರೇಬಿಕಾ ಹೆಂಗಿರುತ್ತೆ ಅಂತ ನೀವು ಯಾವತ್ತಾದ್ರೂ ಕುಡಿದು ನೋಡಿದೀರಾ?"

ನೋಡಿರಲಿಲ್ಲ. ನಮ್ಮಲ್ಲಿ ಒಳ್ಳೆ ಬೀಜ ಚೀಲಕ್ಕೆ ಹೋಗುತ್ತದೆ. ಗಿಡದ ಬುಡದಲ್ಲಿ ಹೆಕ್ಕಿದ್ದು, ಪಲ್ಪರ್ ಮಾಡುವಾಗ ನೀರಲ್ಲಿ ತೇಲಿದ್ದು, ಒಡಕಲು ಎಲ್ಲ ಮನೆಗೆ. ಅದನ್ನು ಅಮ್ಮ ಬಾಣಲೆಯಲ್ಲಿ ಕಪ್ಪಗೆ ಹುರಿದು, ಚಿಕೋರಿ ಸೇರಿಸಿ ಪುಡಿ ಮಾಡಿಸುತ್ತಾಳೆ. ಚಿಕ್ಕಂದಿನಿಂದ ನಾವು ಕುಡಿದದ್ದು ಅದು. ಅಪ್ಪಯ್ಯನ ಉತ್ತರವೂ ನೇರ ಇತ್ತು: "ಮಾರದನ್ನ ಕುಡಿದ್ರೆ ಮಾರದೆಂತ?"

ಬಸ್ಸಿನಲ್ಲಿ ವಾಪಸು ಬರುವಾಗ ನಿರ್ಧಾರ ಮಾಡಿದೆ. ಮಿಷನ್ ತಗೊಳ್ಳುವುದು, ಗಿಡ ಕೀಳುವ ಮೊದಲು ಅಪ್ಪಯ್ಯನಿಗೆ ಅವರದೇ ಬೀಜದ ಕಾಫಿ ಕುಡಿಸುವುದು. ಹೆಂಡತಿಗೆ ಹೇಳಿದೆ. ಅವಳು ದಾವಣಗೆರೆಯವಳು, ಚಾ ಪಾರ್ಟಿ. "ನಿಂಗೆ ಮಿಷನ್ ಬೇಕಿತ್ತು. ಮಾವನವರ ಹೆಸರಲ್ಲಿ ತಗೋತಿದೀಯ ಅಷ್ಟೇ" ಅಂದಳು. ಮದುವೆಯಾಗಿ ಒಂದೇ ವರ್ಷಕ್ಕೆ ಇಷ್ಟು ಅರ್ಥ ಮಾಡಿಕೊಂಡುಬಿಟ್ಟಿದ್ದಾಳೆ ನೋಡಿ.

ಸರಿ, ಮಿಷನ್ ವಿಷಯಕ್ಕೆ ಬರೋಣ. ಸಾಫ್ಟ್‌ವೇರಿನವನು ಯಾವುದೇ ವಸ್ತು ಕೊಳ್ಳುವ ಮೊದಲು ಎಕ್ಸೆಲ್ ಶೀಟ್ ಮಾಡುತ್ತಾನೆ, ನಾನೂ ಮಾಡಿದೆ. ಸಾಲಿಗೊಂದು ಮಿಷನ್ನು, ಹದಿನಾಲ್ಕು ಕಾಲಮ್ಮು.

ಎಸ್ಪ್ರೆಸೊ ಅಂದರೆ ಮೂಲದಲ್ಲಿ ಒತ್ತಡದ ಆಟ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ತಗೊಂಡ ಮಿಷನ್ನಿನಲ್ಲಿ ನೀರನ್ನು ತಳ್ಳುತ್ತಿದ್ದುದು ಬರೀ ಹಬೆ, ಅದಕ್ಕೆ ಹೆಚ್ಚು ಜೋರಿರಲಿಲ್ಲ. ಅದೇ ಊರಿನ ಅಕಿಲೆ ಗಾಜಿಯಾ ಸ್ಪ್ರಿಂಗ್ ಇರುವ ಲಿವರ್ ಮಿಷನ್ ತಂದದ್ದು 1948ರ ಹೊತ್ತಿಗೆ. ಕಾಫಿಯ ಮೇಲೆ ಜೇನು ಬಣ್ಣದ ದಪ್ಪ ನೊರೆ, ಕ್ರೆಮಾ ಅಂತಾರಲ್ಲ, ಅದು ಬಂದದ್ದು ಆಗಲೇ. ಈಗ ಎಲ್ಲರೂ ಒಪ್ಪಿಕೊಂಡ ಲೆಕ್ಕ ಸುಮಾರು 9 ಬಾರ್. ಡಬ್ಬದ ಮೇಲೆ ದೊಡ್ಡದಾಗಿ '15 ಬಾರ್' ಅಂತ ಬರೆದಿರುತ್ತದೆ, '20 ಬಾರ್' ಅಂತಲೂ ಇರುತ್ತದೆ. ಅದು ಪಂಪಿನ ತಾಕತ್ತು ಮಾತ್ರ. ಪುಡಿಯ ಮೇಲೆ ಬೀಳಬೇಕಾದ್ದು 9ರ ಆಸುಪಾಸೇ. ಆ ಕಾಲಮ್ಮನ್ನು ಮೊದಲ ದಿನವೇ ಡಿಲೀಟ್ ಮಾಡಿದೆ.

ನಿಜವಾದ ಕಷ್ಟ ಇರುವುದು ಬೀಸುವುದರಲ್ಲಿ. 18 ಗ್ರಾಂ ಪುಡಿ ಹಾಕಿದರೆ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು. ಪುಡಿ ಒಂದು ಕೂದಲೆಳೆ ದಪ್ಪ ಆಯಿತೋ, ಹನ್ನೆರಡು ಸೆಕೆಂಡಿಗೆ ಸುರ್ರಂತ ಹುಳಿ ನೀರು. ಒಂದು ಕೂದಲೆಳೆ ನುಣ್ಣಗಾಯಿತೋ, ಮಳೆ ನಿಂತ ಮೇಲೆ ಹಂಚಿನಿಂದ ತೊಟ್ಟಿಕ್ಕಿದ ಹಾಗೆ ತೊಟ್ಟು ತೊಟ್ಟು ಕಹಿ. ಬೀಜ ಹುರಿದು ಒಂದು ವಾರ ಆಗಿದ್ದರೆ ಒಂದು ಅಳತೆ, ಮೂರು ವಾರ ಆಗಿದ್ದರೆ ಇನ್ನೊಂದು. ಹಾಗಾಗಿ ಗ್ರೈಂಡರ್ ಇಲ್ಲದ ಎಸ್ಪ್ರೆಸೊ ಮಿಷನ್ ಅಂದರೆ ಎತ್ತಿಲ್ಲದ ಗಾಡಿ. ಅಂಗಡಿಯಲ್ಲಿ ಬೀಸಿದ ಪುಡಿಗೂ ನೊರೆ ಬರಿಸುವ ಎರಡು ತಳದ ಬಾಸ್ಕೆಟ್ ಕೊಡುತ್ತಾರೆ. ಕೆಳಗಿನ ತಳದಲ್ಲಿ ಒಂದೇ ಸಣ್ಣ ತೂತು, ಕಾಫಿ ಅದರಲ್ಲಿ ನುಗ್ಗಿ ಬರುವಾಗ ನೊರೆ ಏಳುತ್ತದೆ. ಕೊಪ್ಪದ ಮದುವೆಮನೆ ನೊರೆಗೆ ಅದು ಹತ್ತಿರದ ಸಂಬಂಧ.

ಗ್ರೈಂಡರ್ ಬೇಕು ಅಂತಾಯಿತು. ಒಳಗೇ ಇರುವುದೋ, ಬೇರೆಯದೋ?

ಬ್ರೆವಿಲ್‌ನ ಬರಿಸ್ತಾ ಎಕ್ಸ್‌ಪ್ರೆಸ್ (ಯುರೋಪಿನಲ್ಲಿ ಇದೇ ಕಂಪನಿ ಸೇಜ್ ಅನ್ನುವ ಹೆಸರಲ್ಲಿ ಮಾರುತ್ತದೆ), ಅದರ ತಮ್ಮ ಬರಿಸ್ತಾ ಪ್ರೊ, ಡೆಲೋಂಗಿಯ ಲಾ ಸ್ಪೆಶಲಿಸ್ತಾ, ಎಲ್ಲವೂ ಒಂದೇ ಜಾತಿ. ತಲೆಯ ಮೇಲೆ ಬೀಜ ಹಾಕುವ ಡಬ್ಬ, ಕೆಳಗೆ ಬೀಸುವ ಬರ್, ಪಕ್ಕದಲ್ಲಿ ಕಾಫಿ ಇಳಿಯುವ ಜಾಗ. ಬರ್ ಅಂದರೆ ನಮ್ಮ ಬೀಸುಕಲ್ಲೇ. ಒಂದು ಹಲ್ಲಿರುವ ಉಕ್ಕಿನ ಉಂಗುರ, ಅದರೊಳಗೆ ತಿರುಗುವ ಹಲ್ಲಿರುವ ಶಂಕು. ಎರಡರ ನಡುವಿನ ಸಂದು ಎಷ್ಟೋ ಪುಡಿ ಅಷ್ಟು. ಎಕ್ಸ್‌ಪ್ರೆಸ್‌ನಲ್ಲಿ ಆ ಸಂದಿಗೆ 16 ಹಂತ, ಪ್ರೊದಲ್ಲಿ 30. ಪ್ರೊ ಮೂರು ಸೆಕೆಂಡಿಗೆ ಬಿಸಿಯಾಗುತ್ತದೆ ಅನ್ನುವುದು ಅವರ ಹೆಮ್ಮೆ. ನನಗೆ ಹೆಚ್ಚು ಮುಖ್ಯ ಅನಿಸಿದ್ದು ಹಂತಗಳು. ಹದಿನಾರರಲ್ಲಿ ನಿಮಗೆ ಬೇಕಾದ ಅಳತೆ ಏಳಕ್ಕೂ ಎಂಟಕ್ಕೂ ನಡುವೆ ಕೂತಿದ್ದರೆ ಏನು ಮಾಡುತ್ತೀರಿ? ಪುಡಿಯ ತೂಕ ಹೆಚ್ಚುಕಮ್ಮಿ ಮಾಡಿ ಸರಿದೂಗಿಸಬೇಕು.

ಒಳಗಿನ ಗ್ರೈಂಡರಿಗೆ ವಿರುದ್ಧವಾಗಿ ನನ್ನ ಇಂಜಿನಿಯರ್ ಬುದ್ಧಿ ಒಂದೇ ವಾದ ಹೂಡುತ್ತಿತ್ತು. ಎರಡು ಬೇರೆ ಬೇರೆ ಆಯಸ್ಸಿನ ವಸ್ತುಗಳನ್ನು ಒಂದೇ ಡಬ್ಬದಲ್ಲಿ ಹಾಕಿ ಬೆಸುಗೆ ಹಾಕಬಾರದು. ನೀರು ಬಿಸಿ ಮಾಡುವ ಭಾಗ ಕೆಡುವುದು ಸುಣ್ಣ ಕಟ್ಟಿ, ಬೆಂಗಳೂರಿನ ಬೋರ್‌ವೆಲ್ ನೀರಿಗೆ ಅದು ಸುಲಭ. ಗ್ರೈಂಡರ್ ಕೆಡುವುದು ಹಲ್ಲು ಸವೆದು. ಒಂದು ಕೆಟ್ಟರೆ ಎರಡೂ ಸರ್ವಿಸ್ ಸೆಂಟರಿಗೆ ಹೋಗಬೇಕು. ಆಫೀಸಿನಲ್ಲಿ ಇಂಥ ಕೋಡ್ ಬರೆದವರನ್ನು ರಿವ್ಯೂನಲ್ಲಿ ಬೈದಿದ್ದೇನೆ. ಜೊತೆಗೆ, ಹಿಂದಿನ ಸಲದ ಒಂದೆರಡು ಗ್ರಾಂ ಪುಡಿ ಒಳಗೇ ಉಳಿದು ನಾಳೆಯ ಕಾಫಿಗೆ ಬೀಳುತ್ತದೆ. ಬೀಜ ಬದಲಿಸಬೇಕೆಂದರೆ ಡಬ್ಬ ಖಾಲಿ ಮಾಡುವ ರಗಳೆ.

ಪರವಾಗಿ ಇದ್ದದ್ದು ನಮ್ಮ ಅಡುಗೆಮನೆ. ಬಾಡಿಗೆ ಮನೆಯ ಎರಡಡಿ ಕಟ್ಟೆ, ಅದರಲ್ಲಿ ಮಿಕ್ಸಿ, ನೀರಿನ ಫಿಲ್ಟರು, ಇರುವುದು ಒಂದೇ ದೊಡ್ಡ ಪ್ಲಗ್ಗು. ಇನ್ನೊಂದು, ಎಸ್ಪ್ರೆಸೊಗೆ ಆಗುವಷ್ಟು ನುಣ್ಣಗೆ, ಒಂದೇ ಸಮ ಬೀಸುವ ಒಳ್ಳೆಯ ಎಲೆಕ್ಟ್ರಿಕ್ ಗ್ರೈಂಡರ್ ಬೇರೆಯಾಗಿ ತಗೊಳ್ಳುತ್ತೇನೆ ಅಂದರೆ ಅದೇ ಒಂದು ಮಿಷನ್ನಿನ ದುಡ್ಡು ಕೇಳುತ್ತದೆ. ಶೀಟು ನೋಡುತ್ತಿದ್ದ ಹೆಂಡತಿ ಕೇಳಿದಳು, "ಬೆಳಗ್ಗೆ ಏಳಕ್ಕೆ, ನೀನು ಮಲಗಿರುವಾಗ, ನಾನೊಬ್ಬಳೇ ಮಾಡ್ಕೊಳ್ಳೋಕೆ ಆಗುತ್ತಾ ಇದರಲ್ಲಿ?" ಹದಿನಾಲ್ಕು ಕಾಲಮ್ಮಿನಲ್ಲಿ ಆ ಕಾಲಮ್ಮು ಇರಲಿಲ್ಲ ಮಾರಾಯ್ರೆ.

(ಬಟನ್ ಒತ್ತಿದರೆ ಎಲ್ಲ ತಾನೇ ಮಾಡುವ ಫುಲ್ ಆಟೋಮ್ಯಾಟಿಕ್ಕನ್ನು ಅವಳು ಸೂಚಿಸಿದಳು. ಬಟನ್ ಒತ್ತುವುದಾದರೆ ಆಫೀಸಿನಲ್ಲೇ ಇದೆಯಲ್ಲ ಅಂತ ನಾನು ತಳ್ಳಿಹಾಕಿದೆ. ಈಗ ಯೋಚಿಸಿದರೆ ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.)

ಕೊನೆಗೆ 2025ರ ಫೆಬ್ರವರಿಯಲ್ಲಿ ಗ್ರೈಂಡರ್ ಒಳಗೇ ಇರುವುದನ್ನು ತಗೊಂಡೆವು. ಯಾವುದು ಅಂತ ಹೇಳುವುದಿಲ್ಲ, ಮುಂದೆ ಆದ ಅನಾಹುತದಲ್ಲಿ ಅದರ ತಪ್ಪಿಲ್ಲ. ಅರ್ಧ ಲಕ್ಷದ ಮೇಲೆ ಬಿತ್ತು. ಮೊದಲ ವಾರ ಅರ್ಧ ಕೆಜಿ ಬೀಜ ಸಿಂಕಿಗೆ ಹೋಯಿತು. ಎರಡನೇ ವಾರ ಕಾಫಿ ಕುಡಿಯುವ ಹಾಗೆ ಬರತೊಡಗಿತು. ಚಾ ಪಾರ್ಟಿಯವಳೂ ಹಾಲು ಹಾಕಿ ದಿನಾ ಒಂದು ಕುಡಿಯತೊಡಗಿದಳು.

ಅಷ್ಟರಲ್ಲಿ ಊರಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಐದು ಕೆಜಿ ಅರೇಬಿಕಾ ಬಂತು. ಅಂಗಳದಲ್ಲಿ ಒಣಗಿಸಿ, ಊರಿನ ಹಲ್ಲರ್‌ನಲ್ಲಿ ಸಿಪ್ಪೆ ತೆಗೆಸಿದ್ದು. ಅಮ್ಮ ಹುರಿದ ಹಾಗೆ ಕಪ್ಪಗೆ ಹುರಿದರೆ ಬೀಜದ ಮೇಲೆ ಎಣ್ಣೆ ಒಸರಿ ಡಬ್ಬದಲ್ಲಿ ಅಂಟಿಕೊಳ್ಳುತ್ತದೆ, ಬೀಜ ಕೆಳಗೆ ಇಳಿಯುವುದಿಲ್ಲ. ಚಿಕೋರಿಯಂತೂ ಬರ್ ಹತ್ತಿರ ಸುಳಿಯಬಾರದು, ತೇವ ಎಳೆದು ಗೋಂದಾಗುತ್ತದೆ. ಹಾಗಾಗಿ ಬಸವನಗುಡಿ ಕಡೆ ಒಂದು ಕೆಜಿಯ ಸಣ್ಣ ರೋಸ್ಟರ್ ಇಟ್ಟುಕೊಂಡಿದ್ದವರ ಹತ್ತಿರ ಹದವಾಗಿ ಹುರಿಸಿದೆ. ಐದು ಕೆಜಿ ನಾಲ್ಕೂಕಾಲು ಆಯಿತು. ಗಾಳಿ ಬಿಡಲಿ ಅಂತ ಹತ್ತು ದಿನ ಡಬ್ಬ ಮುಟ್ಟಲಿಲ್ಲ. ಹನ್ನೊಂದನೇ ದಿನ ಭಾನುವಾರ. ಸ್ನಾನ ಮಾಡಿ (ನಿಜಕ್ಕೂ!) ಬೀಜ ಸುರಿದು ಬಟನ್ ಒತ್ತಿದೆ.

ನಾಲ್ಕು ಸೆಕೆಂಡು ಸರಿಯಾಗೇ ಬೀಸಿತು. ಆಮೇಲೆ ಟಕ್ ಅಂತ ಒಂದು ಸದ್ದು, ಜೊತೆಗೆ ಹಲ್ಲು ಜುಮ್ಮೆನ್ನುವ ಕಿರ್ರ್. ಪಟ್ಟನೆ ಸ್ವಿಚ್ ಆರಿಸಿದೆ. ಡಬ್ಬ ಕಳಚಿ, ಬೀಜ ಎಲ್ಲ ತೆಗೆದು, ಮೇಲಿನ ಬರ್ ತಿರುಗಿಸಿ ಎತ್ತಿದರೆ, ತೊಗರಿಬೇಳೆಯಷ್ಟು ಒಂದು ಬಿಳಿ ಕಲ್ಲು. ಆ ಕಲ್ಲು ನನಗೆ ಗೊತ್ತು. ನಮ್ಮನೆ ಅಂಗಳದ್ದು. ಚಿಕ್ಕಂದಿನಲ್ಲಿ ಅದರ ಮೇಲೆ ಬಿದ್ದು ಮಂಡಿ ಕೆತ್ತಿಸಿಕೊಂಡವನು ನಾನು. ದೊಡ್ಡ ರೋಸ್ಟರಿಗಳಲ್ಲಿ ಕಲ್ಲು ಬೇರ್ಪಡಿಸುವ ಯಂತ್ರ ಇರುತ್ತದೆ. ಒಂದು ಕೆಜಿಯವರ ಹತ್ತಿರ ಎಲ್ಲಿಂದ ಬರಬೇಕು.

ಅಮ್ಮನಿಗೆ ಫೋನ್ ಮಾಡಿದೆ. "ಆರಿಸದೇ ಹಾಕಿದ್ಯಾ? ಅನ್ನಕ್ಕಿಡುವಾಗ ಅಕ್ಕಿ ಆರಿಸದಿಲ್ಲನಾ? ಇಂಜಿನಿಯರಂತೆ" ಅಂದಳು.

ಬರ್‌ನ ಎರಡು ಹಲ್ಲು ಮುಕ್ಕಾಗಿತ್ತು. ಬಿಡಿಭಾಗ ಬರಲು ಮೂರು ವಾರ ಅಂದರು. ಪಂಪು ಸರಿ ಇದೆ, ಬಿಸಿ ನೀರು ಬರುತ್ತದೆ, ಹಬೆ ಬರುತ್ತದೆ, ಕಾಫಿ ಮಾತ್ರ ಇಲ್ಲ. ಎಕ್ಸೆಲ್ ತೆಗೆದು ನೋಡಿದೆ. 'ಗ್ರೈಂಡರ್ ಕೆಟ್ಟರೆ ಮಿಷನ್ ನಿಷ್ಪ್ರಯೋಜಕ' ಅಂತ ನಾನೇ ಬರೆದಿದ್ದೆ, ಎದುರಿಗೆ 'ಸಾಧ್ಯತೆ: ಕಡಿಮೆ' ಅಂತಲೂ ಬರೆದಿದ್ದೆ. ತಡೆಯಲಾರದೆ ಒಂದು ಕೈಯಲ್ಲಿ ತಿರುಗಿಸುವ ಗ್ರೈಂಡರ್ ತಗೊಂಡೆ. 18 ಗ್ರಾಂಗೆ ಒಂದು ನಿಮಿಷದ ಮೇಲೆ ತಿರುಗಿಸಬೇಕು. ಕಲ್ಲು ಸಿಕ್ಕರೆ ಹಿಡಿ ನಿಲ್ಲುತ್ತದೆ, ಕೈಗೆ ಗೊತ್ತಾಗುತ್ತದೆ, ಹಲ್ಲು ಉಳಿಯುತ್ತದೆ.

ಈಗ ನಮ್ಮ ಮನೆಯಲ್ಲಿ ವ್ಯವಸ್ಥೆ ಹೀಗಿದೆ. ಹೊಸ ಬರ್ ಹಾಕಿದ ಮೇಲೆ ಒಳಗಿನ ಗ್ರೈಂಡರ್ ಪೂರ್ತಿ ಅವಳದ್ದು, ಅಂಗಡಿಯ ಬೀಜಕ್ಕೆ. ಏಳು ಗಂಟೆಗೆ ಎದ್ದು, ಬೀಸಿ, ಇಳಿಸಿ, ಕುಡಿದು, ನಾನು ಏಳುವಷ್ಟರಲ್ಲಿ ಕಪ್ಪು ತೊಳೆದಿಟ್ಟಿರುತ್ತಾಳೆ. ಮನೆಯ ಬೀಜಕ್ಕೆ ನನ್ನ ಕೈಗ್ರೈಂಡರು, ಅದಕ್ಕೆ ಮೊದಲು ಮೊರದಲ್ಲಿ ಹಾಕಿ ಆರಿಸುವ ಕೆಲಸ. ಗೆಳೆಯರು ಯಾವುದು ತಗೊಳ್ಳಲಿ ಅಂತ ಕೇಳಿದರೆ, ನಿನ್ನ ಬೀಜ ಎಲ್ಲಿಂದ ಬರುತ್ತದೆ ಅಂತ ಕೇಳುತ್ತೇನೆ. ಅಂಗಡಿಯ ಪ್ಯಾಕೆಟ್ಟಿನಿಂದ ಬರುವುದಾದರೆ, ಮನೆಯಲ್ಲಿ ಇನ್ನೊಬ್ಬರೂ ಕುಡಿಯುವುದಾದರೆ, ಒಳಗೇ ಇರುವುದನ್ನು ಕಣ್ಣು ಮುಚ್ಚಿ ತಗೋ. ಅಂಗಳದಿಂದ ಬರುವುದಾದರೆ ಬೇಡ.

ಏಪ್ರಿಲ್ಲಿನಲ್ಲಿ ಕಣ್ಣು ತೋರಿಸಲಿಕ್ಕೆ ಅಪ್ಪಯ್ಯ ಬೆಂಗಳೂರಿಗೆ ಬಂದರು. ಮಿಷನ್ ಮುಂದೆ ನಿಂತು ಪಂಪ್‌ಸೆಟ್ ನೋಡುವ ಹಾಗೆ ಹಿಂದೆ ಮುಂದೆ ಬಗ್ಗಿ ನೋಡಿದರು. "ಎಷ್ಟು ಪ್ರೆಶರ್?" ಒಂಬತ್ತು ಬಾರ್ ಅಂದೆ. ಮನಸ್ಸಲ್ಲೇ ಲೆಕ್ಕ ಹಾಕಿ, "ಮುನ್ನೂರು ಅಡಿ ಹೆಡ್ಡು! ನಮ್ಮ ಕೆರೆ ಪಂಪಿಗೂ ಅಷ್ಟಿಲ್ಲ" ಅಂದರು. ರೇಟು ಕೇಳಿದರು. ಅರ್ಧ ಹೇಳಿದೆ. ಹೆಂಡತಿ ಸೀಲಿಂಗ್ ಫ್ಯಾನ್ ನೋಡುತ್ತಿದ್ದಳು.

ಆರಿಸಿ, ತಿರುಗಿಸಿ, ಇಳಿಸಿ ಕೊಟ್ಟೆ. "ಇಷ್ಟೇನಾ?" ಅಂದರು. ಒಂದು ಗುಟುಕು ಕುಡಿದು ಸುಮ್ಮನಾದರು. ನಾನು ಪರೀಕ್ಷೆ ರಿಸಲ್ಟಿಗೆ ಕಾದ ಹಾಗೆ ಕಾಯುತ್ತಿದ್ದೆ. ಇನ್ನೊಂದು ಗುಟುಕು. "ಪಲ್ಪರ್ ಮನೆ ವಾಸನೆ ಬರುತ್ತೆ" ಅಂದರು. ಆಮೇಲೆ ತುಸು ತಡೆದು, "ಅಜ್ಜ ಇದ್ದಾಗ ಸಂಜೆ ಹೊತ್ತು ಹಣ್ಣಿನ ಸಿಪ್ಪೆ ರಾಶಿ ಹಾಕಿರ್ತಿದ್ರಲ್ಲ, ಆ ವಾಸನೆ." ಕಪ್ಪು ಖಾಲಿ ಮಾಡಿದರು. ಚೆನ್ನಾಗಿದೆ ಅಂತ ಹೇಳಲಿಲ್ಲ. "ಹುಳಿ ಜಾಸ್ತಿ. ಸ್ವಲ್ಪ ಹಾಲು, ಬೆಲ್ಲ ಇದ್ರೆ ಕೊಡು" ಅಂದರು.

ಆಮೇಲೆ ಅವರೇ ಕೇಳಿದರು, "ಇದಕ್ಕೆ ರೊಬಸ್ಟಾ ಹಾಕಿದ್ರೆ ಏನಾಗುತ್ತೆ?" ಭಾರತದ ಕಾಫಿ ಎಲ್ಲಕ್ಕಿಂತ ಹೆಚ್ಚು ಹೋಗುವುದು ಇಟಲಿಗೆ, ಅಲ್ಲಿ ಎಸ್ಪ್ರೆಸೊ ಮಿಶ್ರಣಕ್ಕೆ ರೊಬಸ್ಟಾ ಸೇರಿಸುವುದು ಹಳೇ ಪದ್ಧತಿ, ಕ್ರೆಮಾ ದಪ್ಪ ಬರುತ್ತದೆ ಅಂತ ಹೇಳಿದೆ. ಇಷ್ಟು ವರ್ಷ ಚೀಲ ಎಲ್ಲಿಗೆ ಹೋಗುತ್ತದೆ ಅಂತ ಅವರು ಕೇಳಿದವರಲ್ಲ, ವ್ಯಾಪಾರಿ ಹೇಳಿದವನೂ ಅಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಅಂತ ಸಂಜೆ ಅಂಗಡಿಯಿಂದ ತಂದ ರೊಬಸ್ಟಾ ಇಳಿಸಿದೆ. ಅರ್ಧ ಕಪ್ಪು ನೊರೆಯೇ. ಅಪ್ಪಯ್ಯ ಜೋರಾಗಿ ನಕ್ಕು, "ಇದು ಮದುವೆಮನೆದು" ಅಂದರು. ಕೊಪ್ಪದ ಮದುವೆ ಅವರಿಗೂ ನೆನಪಿತ್ತು.

ಜೂನಿನಲ್ಲಿ ಮಳೆ ಹಿಡಿಯಿತು. ಹೇಳಿದ ಹಾಗೇ ಅರೇಬಿಕಾ ತೆಗೆಸಿದರು. ಅಮ್ಮ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದಳು. ಕೆಂಪು ಮಣ್ಣು, ಬೇರು ಮೇಲಾದ ಬುಡಗಳ ರಾಶಿ, ಪಕ್ಕದಲ್ಲಿ ರೊಬಸ್ಟಾ ಸಸಿಗಳ ಪ್ಲಾಸ್ಟಿಕ್ ಬುಟ್ಟಿ. ನಾನು ಅದನ್ನು ದೊಡ್ಡದು ಮಾಡಿ ನೋಡಲಿಲ್ಲ. ಆ ವಾರ ಫೋನ್ ಮಾಡಿದಾಗಲೂ ಆ ವಿಷಯ ಎತ್ತಲಿಲ್ಲ. ಅವರಾಗಿಯೇ ಹೇಳಿದರು:

"ಬಾವಿ ಹತ್ತಿರದ್ದು ನಲವತ್ತು ಗಿಡ ಬಿಟ್ಟಿದೀನಿ. ಅದಕ್ಕೆ ಹುಳ ಬಿದ್ದಿಲ್ಲ. ನಿನ್ನ ಮಿಷನ್ನಿಗೆ ಸಾಕಾಗುತ್ತಾ?"

ಫೋನ್ ಹಿಡಿದುಕೊಂಡೇ ಲೆಕ್ಕ ಹಾಕಿದೆ. ಗಿಡಕ್ಕೆ ಕಾಲು ಕೆಜಿ ಅಂದರೆ ಹತ್ತು ಕೆಜಿ, ಹುರಿದರೆ ಎಂಟೂವರೆ. ದಿನಕ್ಕೆ ಎರಡು ಕಪ್ಪು, 36 ಗ್ರಾಂ. ಎಂಟು ತಿಂಗಳಿಗೆ ಸ್ವಲ್ಪ ಕಮ್ಮಿ.

"ಎಂಟು ತಿಂಗಳು ಬರುತ್ತೆ ಅಪ್ಪಯ್ಯ. ಉಳಿದ ನಾಲ್ಕು ತಿಂಗಳು?"

"ಅದಕ್ಕೆ ಅಮ್ಮನ ಪುಡಿ ಇದೆಯಲ್ಲ" ಅಂದರು.